ಅರವತ್ತೆರಡು ಮಾರು, ಬಿಳಿ ಮರಳು

ಪ್ಲಿಮತ್ ಬಂದರು, ಕಾವಲು ಹಡಗಿನಿಂದ
೨ ನವೆಂಬರ್ ೧೮೦೭, ಸೋಮವಾರ

ಪ್ರೀತಿಯ ಅಕ್ಕ ಲವ್‌ಡೇಗೆ,

ನಿನ್ನ ತಮ್ಮ ಜೇಗೊ ಮಾಡುವ ನಮಸ್ಕಾರ. ನಾನೂ ಭಾವನೂ ಬದುಕಿದ್ದೇವೆ, ಕೈಕಾಲು ನೆಟ್ಟಗಿವೆ. ಭಾವ ಯಾರ ಕೈಯಲ್ಲೋ ಬರೆಸಿ ಹಾಕಿದ ನಾಲ್ಕು ಸಾಲು ನಿನಗೆ ಮುಟ್ಟಿತಂತೆ, ನಮ್ಮೂರು ಪೋಲ್ರುವಾನಿನಿಂದ ಬಂದ ದೋಣಿಯವರು ಹೇಳಿದರು. ಹಡಗು ಒಡೆದು ಇವತ್ತಿಗೆ ಹತ್ತೊಂಬತ್ತು ದಿನವಾಯಿತು. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ನೀನು ಸಿಡುಕಿಕೊಂಡಿರುತ್ತೀಯ, ಸಿಡುಕಬೇಕಾದದ್ದೇ. ಬೆರಳು ಮರಗಟ್ಟಿತ್ತು, ಕಾಗದ ಸಿಗಲಿಲ್ಲ ಎಂದೆಲ್ಲ ಬರೆದು ಹರಿದು ಹಾಕಿದೆ. ಹೆದರಿಕೆ, ಅಕ್ಕ. ಅದೊಂದೇ ಕಾರಣ.

ಮೊದಲು ಭಾವನ ಸುದ್ದಿ. ಎರಡು ಗಂಟೆ ತಣ್ಣೀರಿನಲ್ಲಿ ಮುರಿದ ಹಾಯಿಮರ ಹಿಡಿದುಕೊಂಡಿದ್ದರಿಂದ ಕೆಮ್ಮು ಹತ್ತಿದೆ. ಕನ್ನಡಕ ಹಡಗಿನ ಜೊತೆಯಲ್ಲೇ ಹೋಯಿತು. ನೀನು ಹೆಣೆದುಕೊಟ್ಟ ಬೂದು ಬಣ್ಣದ ಉಣ್ಣೆ ಅಂಗಿ ಮಾತ್ರ ಮೈಮೇಲಿದೆ, ಅದನ್ನು ಒಗೆಯಲಿಕ್ಕೂ ಕೊಡುವುದಿಲ್ಲ. ನಮ್ಮಿಬ್ಬರನ್ನೂ ಈ ಕಾವಲು ಹಡಗಿನಲ್ಲಿ ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ. ದಡಕ್ಕೆ ಇಳಿಯುವಂತಿಲ್ಲ. ಊಟಕ್ಕೆ ಬಟಾಣಿ ಗಂಜಿ, ಉಪ್ಪು ಮಾಂಸ. ಭಾವ ತಮ್ಮ ಪಾಲಿನ ಮಾಂಸವನ್ನು ನನ್ನ ತಟ್ಟೆಗೆ ತಳ್ಳುತ್ತಾರೆ. ನಾನು ಮತ್ತೆ ಅವರ ಕಡೆಗೇ ತಳ್ಳುತ್ತೇನೆ.

ದೊರೆಯ ಹಡಗು ಮುಳುಗಿದರೆ, ತಪ್ಪಿರಲಿ ಬಿಡಲಿ, ಉಳಿದ ಅಧಿಕಾರಿಗಳೆಲ್ಲ ವಿಚಾರಣೆಗೆ ನಿಲ್ಲಬೇಕು. ಅದು ನಿನಗೂ ಗೊತ್ತು. ಹನ್ನೆರಡನೇ ತಾರೀಕು ಗುರುವಾರ ನಮ್ಮ ವಿಚಾರಣೆ. ಕ್ಯಾಪ್ಟನ್ ಲಟ್ರೆಲ್ ನೀರು ಪಾಲಾದರು. ಇನ್ನು ಉಳಿದವರು ಇಬ್ಬರೇ: ಆ ಹೊತ್ತಿನ ಪಹರೆಯಲ್ಲಿದ್ದ ಲೆಫ್ಟಿನೆಂಟ್ ನಾನು, ಹಡಗು ಎಲ್ಲಿದೆ ಎಂದು ಹೇಳಬೇಕಾದ ಮಾಸ್ಟರ್ ಭಾವ. ನಲವತ್ತೊಂದು ಜನ ಸತ್ತಿದ್ದಾರೆ, ಯಾರಾದರೊಬ್ಬರು ಉತ್ತರ ಕೊಡಲೇಬೇಕು. ಇಲ್ಲಿ ನೆಲ ಒರೆಸುವವನೂ ಮಾಸ್ಟರ್ ಕಥೆ ಮುಗಿಯಿತು ಎನ್ನುತ್ತಾನೆ.

ಅದಕ್ಕೇ ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಏನು ಮುರಿದರೂ ಅಪ್ಪನಿಗಿಂತ ಮೊದಲು ನಿನ್ನ ಹತ್ತಿರ ಬಂದು ನಿಲ್ಲುತ್ತಿದ್ದೆ. ಈಗ ಮುರಿದದ್ದು ದೊಡ್ಡದು.

ಐದು ದಿನದಿಂದ ಸೂರ್ಯ ಕಂಡಿರಲಿಲ್ಲ. ಬೆಳಿಗ್ಗೆಯಿಂದ ಮಂಜು, ಹಡಗಿನ ಮೂತಿಯೇ ಕಾಣದಷ್ಟು. ಇಂಥ ಹೊತ್ತಿನಲ್ಲಿ ಆಳ ಅಳೆಯುವ ಸೀಸದ ಗುಂಡೊಂದೇ ದಿಕ್ಕು. ಅದರ ತಳದ ಕುಳಿಗೆ ಕೊಬ್ಬು ಮೆತ್ತಿ ಬಿಟ್ಟರೆ ಸಮುದ್ರದ ತಳದಲ್ಲಿರುವುದು ಅಂಟಿಕೊಂಡು ಬರುತ್ತದೆ. ಒಮ್ಮೆ ನಿನ್ನ ಊಟದ ಮೇಜಿನ ಮೇಲೆ ಹೊಲಿಗೆಯ ಬೆರಳಟೋಪಿಗೆ ಬೆಣ್ಣೆ ಮೆತ್ತಿ, ಸಕ್ಕರೆಯ ಬಟ್ಟಲಲ್ಲಿ ಅದ್ದಿ, ಭಾವ ನಮಗಿದನ್ನು ತೋರಿಸಿದ್ದರು, ಸಕ್ಕರೆ ಹಾಳಾಯಿತೆಂದು ನೀನು ಬೈದಿದ್ದೆ. ಮರಳಿದ್ದರೆ ಮರಳು ಬರುತ್ತದೆ, ಕೆಸರಿದ್ದರೆ ಕೆಸರು. ಬಂಡೆಯಾದರೆ ಏನೂ ಅಂಟುವುದಿಲ್ಲ, ಕೊಬ್ಬು ಬರಿದಾಗಿ ಬರುತ್ತದೆ. ಆಗ ತಕ್ಷಣ ಹಡಗು ತಿರುಗಿಸಬೇಕು. ಪ್ರತಿ ಸಲವೂ ಹಳೆ ಕೊಬ್ಬು ಕೆರೆದು ತೆಗೆದು ಹೊಸದು ಮೆತ್ತಬೇಕು ಎನ್ನುವುದು ಮೊದಲ ವರ್ಷ ಹಡಗು ಹತ್ತಿದವನಿಗೂ ಗೊತ್ತು.

ಹತ್ತು ಗಂಟೆಗೆ ಎಸೆಸಿದೆ. ಅರವತ್ತೈದು ಮಾರು ಆಳ, ಬಿಳಿ ಮರಳು. ಭಾವನ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಕಡಲ್ಗಾಲುವೆಯ ನಟ್ಟನಡುವೆ, ದಡದಿಂದ ದೂರ ಇದ್ದೇವೆ ಎಂದರು. ಹನ್ನೊಂದಕ್ಕೆ ಮತ್ತೆ ಎಸೆಯಬೇಕಿತ್ತು. ಪ್ರತಿ ಸಲ ಹಡಗು ನಿಲ್ಲಿಸಬೇಕು, ಜನರೆಲ್ಲ ಸಾಲಾಗಿ ಹಗ್ಗ ಹಿಡಿಯಬೇಕು, ಎಲ್ಲರಿಗೂ ಬೇಸರ. ಗಾಳಿ ಮನೆಯ ಕಡೆಗೇ ಬೀಸುತ್ತಿತ್ತು. ಹನ್ನೊಂದು ತಿಂಗಳಾಗಿತ್ತು ನಾವು ಮನೆ ಬಿಟ್ಟು. ಕೊಬ್ಬಿನ ಡಬ್ಬಿ ಬರಿದಾಗಿತ್ತು, ಹೊಸದು ತರಲು ಕೆಳಗಿನ ಉಗ್ರಾಣಕ್ಕೆ ಇಳಿಯಬೇಕು. ಗುಂಡು ಎಸೆಯುವ ಮುದುಕ ಡಿಗರಿ ಕೇಳಿದ, "ಕೊಬ್ಬು ಬದಲಾಯಿಸ್ಲಾ ಸಾಮಿ? ಕೆಳಗೋಗಿ ತರ್ಬೇಕು."

"ಬಿಡೋ ಅತ್ಲಾಗೆ, ಹಾಗೇ ಎಸಿ. ಹೊತ್ತಾಗುತ್ತೆ" ಅಂದೆ.

ಅಷ್ಟೇ ಅಕ್ಕ. ಗುಂಡು ಮೇಲೆ ಬಂತು, ಅರವತ್ತೆರಡು ಮಾರು, ಕೊಬ್ಬಿನಲ್ಲಿ ಬಿಳಿ ಮರಳು. ಆ ಮರಳು ಹತ್ತು ಗಂಟೆಯದ್ದು. ಹನ್ನೊಂದಕ್ಕೆ ನಮ್ಮ ಕೆಳಗಿದ್ದದ್ದು ಬರೀ ಬಂಡೆ. ಭಾವ ನಕ್ಷೆಯ ಮೇಲೆ ಬಗ್ಗಿದ್ದರು, ತಲೆ ಎತ್ತದೆ ಕೇಳಿದರು, ಬಿಳಿ ಮರಳು ತಾನೇ ಎಂದು. ಬಿಳಿ ಮರಳೇ ಎಂದೆ. ಅವರು ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟು, ಇದೇ ದಾರಿಯಲ್ಲಿ ಹೋಗಬಹುದು ಎಂದು ಕ್ಯಾಪ್ಟನ್ನರಿಗೆ ಹೇಳಿದರು. ಹನ್ನೆರಡೂವರೆಗೆ ಹಡಗು ಬಂಡೆಗೆ ಬಡಿಯಿತು.

ಡಿಗರಿ ಸತ್ತ. ಆ ಮಾತು ಕೇಳಿಸಿಕೊಂಡ ಬೇರೆ ಯಾರೂ ಬದುಕಿಲ್ಲ. ಹಡಗಿನ ಕಾಗದಪತ್ರಗಳಲ್ಲಿ ಉಳಿದದ್ದು ನನ್ನ ದಿನಚರಿಯೊಂದೇ, ಮೇಣದ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಅದರಲ್ಲಿ ನನ್ನದೇ ಅಕ್ಷರದಲ್ಲಿದೆ: ಹನ್ನೊಂದು ಗಂಟೆ, ಅರವತ್ತೆರಡು ಮಾರು, ಬಿಳಿ ಮರಳು. ಹೇಳಿದರೆ ನೌಕರಿ ಹೋಗುತ್ತದೆ, ಮಾನ ಹೋಗುತ್ತದೆ, ಈ ಮೂವತ್ತೊಂದನೇ ವಯಸ್ಸಿನಲ್ಲಿ ನನಗೆ ಬೇರೆ ಕಸುಬು ಬಾರದು. ಹೇಳದಿದ್ದರೆ ಭಾವನ ತಲೆಗೆ ಬರುತ್ತದೆ. ಹೇಳಬೇಕು ಎಂದುಕೊಂಡಿದ್ದೇನೆ. ಹೇಳು ಎಂದು ನೀನೊಂದು ಸಾಲು ಬರೆದು ಹಾಕು, ಧೈರ್ಯ ಬರುತ್ತದೆ. ಭಾವನಿಗೆ ಮಾತ್ರ ನೀನಾಗಿ ಏನೂ ಬರೆಯಬೇಡ.

ಟ್ಯಾಮ್ಸಿನ್‌ಗೆ ಮಾವನ ಮುತ್ತು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ಜೇಗೊ ಪೆನ್‌ಹೇಲ್

*

ಅದೇ ಹಡಗಿನಿಂದ
೭ ನವೆಂಬರ್, ಶನಿವಾರ

ಪ್ರೀತಿಯ ಅಕ್ಕ,

ನಿನ್ನ ಉತ್ತರ ಇನ್ನೂ ಬಂದಿಲ್ಲ. ಅಂಚೆ ದೋಣಿ ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತೇನೆ. ಮೀನಿಗೆ ಉಪ್ಪು ಹಾಕುವ ಕಾಲ, ನಿನಗೆ ಮೈಮೇಲೆ ಎಚ್ಚರವಿರುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಆಮೇಲೆ, ಮೀನು ಬಿಟ್ಟು ಓದಲಾರದವಳೇ ಎಂದು ಸಿಟ್ಟೂ ಬರುತ್ತದೆ. ನನ್ನ ಮೇಲಿನ ಸಿಟ್ಟು ನಿನ್ನ ಮೇಲೆ ತಿರುಗುತ್ತಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಭಾವ ಒಂದು ಸ್ಲೇಟು, ಒಂದು ತುಂಡು ಬಳಪ ಸಂಪಾದಿಸಿದ್ದಾರೆ. ಬೆಳಿಗ್ಗೆ ಗಂಜಿ ಕುಡಿದವರು ಅದನ್ನು ಹಿಡಿದು ಕೂತರೆ ಬೆಳಕು ಹೋಗುವ ತನಕ ಲೆಕ್ಕ. ಕೊನೆಯ ಐದು ದಿನ ಹಡಗು ಎಷ್ಟು ವೇಗವಾಗಿ ಹೋಯಿತು, ಯಾವ ದಿಕ್ಕಿಗೆ, ಗಾಳಿ ಎಷ್ಟು ಪಕ್ಕಕ್ಕೆ ತಳ್ಳಿತು, ಎಲ್ಲ ಮೊದಲಿಂದ. ಕನ್ನಡಕವಿಲ್ಲದ್ದರಿಂದ ದಿನಚರಿ ನೋಡಿ ಅಂಕಿಗಳನ್ನು ನಾನು ಓದಿ ಹೇಳಬೇಕು, ಅವರು ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದುಕೊಳ್ಳುತ್ತಾರೆ. ಕೂಡಿ ಕಳೆದು ನೋಡಿದರೆ ಹಡಗು ಬಂಡೆಯಿಂದ ಬಹಳ ದಕ್ಷಿಣಕ್ಕೇ ಬರುತ್ತದೆ. ಒರೆಸುತ್ತಾರೆ. ಮತ್ತೆ ಶುರು. ಪ್ರತಿ ಸಲವೂ ಕೊನೆಯಲ್ಲಿ ನಾನು ಓದಬೇಕಾದ ಸಾಲು ಯಾವುದು ಎಂದು ನಿನಗೆ ಗೊತ್ತು. ಹನ್ನೊಂದು ಗಂಟೆ, ಅರವತ್ತೆರಡು ಮಾರು, ಬಿಳಿ ಮರಳು. ಮಂಗಳವಾರದಿಂದ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ, ಈಗ ಪುಸ್ತಕವಿಲ್ಲದೆಯೂ ಎಲ್ಲ ಬಾಯಿಗೆ ಬರುತ್ತದೆ.

ನೀರಿನ ಸೆಳೆತ ನಮ್ಮನ್ನು ಉತ್ತರಕ್ಕೆ ಒಯ್ದಿರಬೇಕು. ಐದು ದಿನ ಸೂರ್ಯ ಕಾಣದಿದ್ದರೆ ಯಾರ ಲೆಕ್ಕವೂ ಅಷ್ಟು ತಪ್ಪುತ್ತದೆ, ಅದಕ್ಕೆ ತಾನೇ ಗುಂಡು ಇರುವುದು. ಲೆಕ್ಕ ತಪ್ಪಿದರೆ ಗುಂಡು ಹೇಳಬೇಕು. ಅದರ ಬಾಯಿ ಮುಚ್ಚಿಸಿದವನು ನಾನು.

ಬುಧವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಅವರು ಕೆಮ್ಮುತ್ತ ಸ್ಲೇಟು ಒರೆಸುತ್ತಿದ್ದರು. "ಭಾವ, ಆ ಹನ್ನೊಂದು ಗಂಟೆಯ ಕೊಬ್ಬು..." ಎಂದು ಬಾಯಿ ತೆಗೆದೆ.

"ಕೊಬ್ಬಿಗೇನಾಯ್ತೋ? ಮರಳು ಸರಿಯಾಗೇ ಬಂದಿತ್ತಲ್ಲ" ಅಂದರು. "ತಪ್ಪು ನನ್ನ ತಲೇಲಿದೆ ಕಣೋ ಜೇಗೊ. ಮೂವತ್ನಾಲ್ಕು ವರ್ಷ ಹಡಗು ನಡೆಸಿದೀನಿ, ಮುದುಕನಾದೆ, ಎಲ್ಲೋ ಒಂದು ಅಂಕಿ ಜಾರ್‌ಬಿಟ್ಟಿದೆ. ಅದು ಸಿಕ್ಕಿಬಿಟ್ರೆ ಸಾಕು. ಓದು, ಇನ್ನೊಂದ್ಸಲ ಓದು ಮಾರಾಯ."

ಓದಿದೆ.

ಹೇಡಿ ಅನ್ನು, ಅನ್ನಿಸಿಕೊಳ್ಳುತ್ತೇನೆ. ಬಿರುಗಾಳಿಯಲ್ಲಿ ಹಾಯಿಮರದ ತುದಿಗೆ ಹತ್ತಿದವನು ನಾನು, ಫ್ರೆಂಚರ ಫಿರಂಗಿಗೆ ಎದುರು ನಿಂತವನು. ಆಗೆಲ್ಲ ಹೆದರಿಕೆಯಾದರೂ ಕೈಗೆ ಏನೋ ಕೆಲಸ ಇರುತ್ತಿತ್ತು. ಇಲ್ಲಿ ಕೈಗೆ ಕೆಲಸವಿಲ್ಲ. ಬಾಗಿಲ ಹತ್ತಿರ ಬೂಟಿನ ಸದ್ದಾದರೆ ಎದ್ದು ನಿಲ್ಲುತ್ತೇನೆ. ಹದಿಮೂರು ಜನ ಕ್ಯಾಪ್ಟನ್ನರು ಮೇಜಿನ ಆಚೆ ಕೂತು ನನ್ನನ್ನೇ ನೋಡುವುದು, ಹಿಂದೆ ನಮ್ಮ ಹಡಗಿನ ಎಪ್ಪತ್ತೇಳು ಜನ ನಿಂತು ಕೇಳಿಸಿಕೊಳ್ಳುವುದು, ಕೆಲಸ ಬೇಗ ಮುಗಿಯಲಿ ಅಂತ ಹೀಗೆ ಮಾಡಿದೆ ಎಂದು ನಾನು ಜೋರಾಗಿ ಹೇಳುವುದು, ರಾತ್ರಿಯಿಡೀ ಇದನ್ನೇ ನೆನೆಯುತ್ತಿರುತ್ತೇನೆ. ಡಿಗರಿಯ ಹೆಂಡತಿಯೂ ಬರುತ್ತಾಳಂತೆ.

ಇನ್ನೊಂದು ವಿಷಯ. ನಿನ್ನೆ ಗುಮಾಸ್ತ ಬಂದು ದಿನಚರಿ ಕೇಳಿದ. ಒಂದು ಗಂಟೆ ಸಮಯ ಕೊಡಿ ಎಂದೆ. ಭಾವ ಮೇಲೆ ಗಾಳಿಗೆ ಹೋಗಿದ್ದಾಗ ಆ ಸಾಲಿನ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಸಣ್ಣಗೆ ಬರೆದೆ, ಹಳೆ ಕೊಬ್ಬು ಕೆರೆಯಲಿಲ್ಲ, ನನ್ನ ಅಪ್ಪಣೆ ಎಂದು. ಬರೆದು ಓದಿಕೊಂಡೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ನಿಜ ಹೇಳುತ್ತೇನೆ, ನಗು ಕೂಡ ಬಂತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗುಮಾಸ್ತನ ಹೆಜ್ಜೆ ಕೇಳಿಸಿತು. ತಟ್ಟೆಯಲ್ಲಿದ್ದ ಬ್ರೆಡ್ಡಿನ ತುಂಡು ತೆಗೆದು ಉಜ್ಜಿಬಿಟ್ಟೆ. ಚೆನ್ನಾಗಿ ಅಳಿಸಿತು. ಅವನು ಪುಸ್ತಕ ತೆಗೆದುಕೊಂಡು, ಸೇರಿಸುವುದು ಏನಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದೆ.

ಆದರೂ ಗುರುವಾರ ಬಾಯಿಂದ ಹೇಳಬಹುದಲ್ಲ. ಕೇಳಿಯೇ ಕೇಳುತ್ತಾರೆ. ಕೇಳಿದಾಗ ಹೇಳುವುದು ಸುಲಭ. ನೀನು ಬೇಗ ಬರೆ.

ನಿನ್ನ ಕೈ ಉಪ್ಪಿಗೆ ಒಡೆದಿರುತ್ತದೆ, ಎಣ್ಣೆ ಹಚ್ಚಿಕೋ. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ
ಜೇಗೊ

*

ಪ್ಲಿಮತ್, ದಡದ ಮೇಲಿನ ವಸತಿಗೃಹ
೧೩ ನವೆಂಬರ್, ಶುಕ್ರವಾರ

ಪ್ರೀತಿಯ ಅಕ್ಕ,

ಮುಗಿಯಿತು. ನಿನ್ನೆಯೇ ಬರೆಯಬೇಕಿತ್ತು, ಆಗಲಿಲ್ಲ, ಕ್ಷಮಿಸು. ಭಾವ ನಾಳೆ ಬೆಳಿಗ್ಗೆ ಹೊರಡುವ ಸಾಮಾನಿನ ಗಾಡಿಯಲ್ಲಿ ಮನೆಗೆ ಬರುತ್ತಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಬಂದ ಕೂಡಲೇ ಒಲೆ ಹತ್ತಿರ ಕೂರಿಸು, ಕೆಮ್ಮಿಗೆ ಬಿಸಿ ಬಿಯರಿನಲ್ಲಿ ಶುಂಠಿ ಹಾಕಿಕೊಡು. ಅವರು ಹೇಳುವ ಮೊದಲು ನೀನಾಗಿ ಏನೂ ಕೇಳಬೇಡ.

ನಿನ್ನ ಪತ್ರ ಗುರುವಾರ ಬೆಳಿಗ್ಗೆಯೇ ಸಿಕ್ಕಿತು, ನಮ್ಮನ್ನು ದೋಣಿಗೆ ಇಳಿಸುವ ಸ್ವಲ್ಪ ಮುಂಚೆ. ದೋಣಿಯಲ್ಲಿ ಭಾವನಿಗೆ ಬೆನ್ನು ಹಾಕಿ ಕೂತು ಓದಿದೆ. 'ಹೇಳು ಅಂತ ನಾನು ಬರೆಯಲಾರೆ, ಬೇಡ ಅಂತಲೂ ಬರೆಯಲಾರೆ. ಒಬ್ಬ ಗಂಡ, ಒಬ್ಬ ನಾನು ಸಾಕಿದ ತಮ್ಮ. ಇದನ್ನು ನನ್ನ ತಲೆ ಮೇಲೆ ಹಾಕಬೇಡ ಜೇಗೊ' ಎಂದು ಬರೆದಿದ್ದೆ. ನಿನ್ನ ಮೇಲೆ ಸಿಟ್ಟು ಬಂತು. ನೀನು ಬರೆದದ್ದು ಸರಿ. ಸರಿ ಎಂದು ಆಗಲೇ ಗೊತ್ತಿತ್ತು, ಆದರೂ ಸಿಟ್ಟು ಬಂತು.

ಎಂಟು ಗಂಟೆಗೆ ವಿಚಾರಣೆಯ ಗುರುತಿಗೆ ಫಿರಂಗಿ ಹಾರಿಸಿದರು, ಬಾವುಟ ಏರಿತು. ದೊಡ್ಡ ಹಡಗಿನ ಹಿಂಬದಿಯ ಕೋಣೆ, ಕಿಟಕಿ ತುಂಬ ಬಿಸಿಲು. ಐದು ದಿನ ಕಾದರೂ ಕಾಣದ ಸೂರ್ಯ ನಿನ್ನೆ ಹೇಗೆ ಹೊಳೆಯುತ್ತಿದ್ದ ಅಂತೀಯ. ನನ್ನ ಕತ್ತಿ ತೆಗೆದು ಮೇಜಿನ ಮೇಲೆ ಅಡ್ಡ ಇಟ್ಟರು. ಹದಿಮೂರು ಜನ ಕೂತಿದ್ದರು, ಅಧ್ಯಕ್ಷರಿಗೆ ಹಲ್ಲುನೋವಿತ್ತೋ ಏನೋ, ಕೆನ್ನೆಗೆ ಕೈ ಕೊಟ್ಟುಕೊಂಡೇ ಇದ್ದರು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ಡಿಗರಿಯ ಹೆಂಡತಿ ಬಂದಿರಲಿಲ್ಲ.

ಭಾವನನ್ನು ಎರಡು ಗಂಟೆ ಪ್ರಶ್ನಿಸಿದರು. ಅವರು ಒಂದಕ್ಕೂ ತಡವರಿಸಲಿಲ್ಲ, ಯಾರ ಮೇಲೂ ಬೆರಳು ತೋರಿಸಲಿಲ್ಲ, ಸತ್ತ ಕ್ಯಾಪ್ಟನ್ನರ ಮೇಲೂ ಇಲ್ಲ. ಲೆಕ್ಕ ಎಲ್ಲಿ ತಪ್ಪಿತು ಎಂದು ಕೇಳಿದಾಗ, ಹುಡುಕುತ್ತಿದ್ದೇನೆ ಸ್ವಾಮಿ, ಇನ್ನೂ ಸಿಕ್ಕಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಕ್ಕವನು ಯಾರೆಂದು ಆಮೇಲೆ ಹುಡುಕಿದೆ, ಸಿಗಲಿಲ್ಲ, ಸಿಕ್ಕಿದ್ದರೆ ಒಂದು ಬಿಡುತ್ತಿದ್ದೆ. ನನಗೆ ಆ ಹಕ್ಕು ಇದೆಯೋ ಇಲ್ಲವೋ ಬೇರೆ ಮಾತು. ಆಮೇಲೆ ನನ್ನನ್ನು ಕೇಳಿದರು. ಉತ್ತರ ಹೇಳಿದೆ.

ಮೂರು ಗಂಟೆಗೆ ತೀರ್ಪು ಬಂತು. ಬಿಳಿ ಮರಳು ಎರಡು ಕಡೆ ಸಿಗುತ್ತದೆ, ಕಡಲ್ಗಾಲುವೆಯ ನಡುವೆಯೂ, ಬಂಡೆಗಳ ಹೊರಮಗ್ಗುಲಲ್ಲೂ. ಇಷ್ಟು ಅನುಭವವಿರುವ ಮಾಸ್ಟರ್ ಎರಡನೆಯದನ್ನೂ ಯೋಚಿಸಿ ಹಡಗು ನಿಲ್ಲಿಸಬೇಕಿತ್ತು ಎಂದರು. ಪ್ಯಾಸ್ಕೊ ಟ್ರೆಗಿಯರ್ ಎಂಬ ಭಾವನ ಹೆಸರನ್ನು ನೌಕಾದಳದ ಪಟ್ಟಿಯಿಂದ ತೆಗೆಯಲಾಗಿದೆ, ಇನ್ನು ಯಾವ ಹಡಗಿನಲ್ಲೂ ಕೆಲಸ ಮಾಡುವಂತಿಲ್ಲ. ನನ್ನ ಮೇಲೆ ಯಾವ ದೋಷವೂ ಇಲ್ಲ. ಕತ್ತಿಯನ್ನು ಹಿಡಿ ಮುಂದೆ ಮಾಡಿ ಕೈಗೆ ಕೊಟ್ಟರು. ಕೈ ಚಾಚಿ ತೆಗೆದುಕೊಂಡೆ.

ಹೊಸ ವರ್ಷದ ಹೊತ್ತಿಗೆ ನನಗೆ ಬೇರೆ ಹಡಗು ಸಿಗಬಹುದು ಎನ್ನುತ್ತಿದ್ದಾರೆ. ಅಷ್ಟರೊಳಗೆ ಊರಿಗೆ ಬರುವುದು ಆಗಲಿಕ್ಕಿಲ್ಲ. ಟ್ಯಾಮ್ಸಿನ್‌ಗೆ ಇಲ್ಲಿಂದ ನೀಲಿ ರಿಬ್ಬನ್ ಕಳಿಸಿದ್ದೇನೆ, ಭಾವನ ಕೋಟಿನ ಬಲಜೇಬಿನಲ್ಲಿದೆ, ಅವರು ಮರೆತುಬಿಡುತ್ತಾರೆ, ನೀನೇ ತೆಗೆದುಕೋ. ನೀವು ಮೂವರೂ ಒಂದೇ ಸೂರಿನಡಿ ಸುಖವಾಗಿರಿ, ದೇವರು ನಿಮ್ಮ ಮನೆಯ ಮೇಲೆ ಕೈ ಇಟ್ಟಿರಲಿ.

ನಿನ್ನ ತಮ್ಮ,
ಜೇಗೊ

ತಾ.ಕ.: ಏನು ಉತ್ತರ ಹೇಳಿದೆ ಎಂದು ಬರೆಯಲಿಲ್ಲ. ಬರೆಯದೆಯೇ ಮಡಚಿ ಅಂಟಿಸಿದ್ದೆ, ಮತ್ತೆ ಒಡೆದಿದ್ದೇನೆ.

ಅಧ್ಯಕ್ಷರು ಕೊಬ್ಬಿನ ವಿಷಯ ಮೊದಲು ಕೇಳಿದ್ದು ಭಾವನನ್ನು. ಹನ್ನೊಂದು ಗಂಟೆಗೆ ಹೊಸ ಕೊಬ್ಬು ಮೆತ್ತಿದ್ದು ನೀವು ಕಣ್ಣಾರೆ ಕಂಡಿರಾ ಎಂದರು. ಭಾವ ಹೇಳಿದರು: "ಕಂಡಿಲ್ಲ ಸ್ವಾಮಿ. ಕಾಣೋದು ಬೇಕಿಲ್ಲ. ಲೆಫ್ಟಿನೆಂಟ್ ಪೆನ್‌ಹೇಲ್‌ಗೆ ಹದಿನಾಲ್ಕು ವರ್ಷ ಇದ್ದಾಗ ಈ ಕೆಲಸ ಕಲಿಸಿದೋನು ನಾನು. ಅವನು ಕೆರೆಯದೆ ಗುಂಡು ಎಸೆಸೋನಲ್ಲ. ನನ್ನ ಮಾತಿಗೆ ಬೆಲೆ ಇದ್ರೆ ಅದನ್ನ ಅವನ ಕಡೆ ಬರ್ಕೊಳ್ಳಿ." ಅವರು ಸುಳ್ಳು ಹೇಳಲಿಲ್ಲ ಅಕ್ಕ. ಹಾಗೆಂದೇ ನಂಬಿದ್ದರು.

ಅಧ್ಯಕ್ಷರು ನನ್ನ ಕಡೆ ತಿರುಗಿ, ಅದು ಹಾಗೆಯೇ ತಾನೇ ಎಂದು ಕೇಳಿದರು. ಹೌದು ಸ್ವಾಮಿ, ಹೊಸ ಕೊಬ್ಬು ಎಂದೆ. ದೇವರ ಪುಸ್ತಕ ಮುಟ್ಟಿದ ಕೈ ಇನ್ನೂ ಬೆಚ್ಚಗಿತ್ತು.

ಹೊರಗೆ ಬಂದಾಗ ಭಾವ ನನ್ನ ಹೆಗಲ ಮೇಲೆ ಕೈ ಹಾಕಿ, "ನೀನೊಬ್ಬ ಉಳಿದ್ಯಲ್ಲ, ಸಾಕು ಕಣೋ. ನಿನ್ನಕ್ಕನಿಗೆ ಹ್ಯಾಗೆ ಮುಖ ತೋರಿಸ್ಲಿ ಅಂತಿದ್ದೆ" ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮನೆಗೆ ಬಂದ ಮೇಲೂ ಅವರು ಆ ಲೆಕ್ಕ ಬಿಡುವುದಿಲ್ಲ. ಇಲ್ಲದ ತಪ್ಪನ್ನು ಸಾಯುವ ತನಕ ಹುಡುಕುತ್ತಾರೆ. ಈಗ ನಾನು ಹೆದರುವುದು ಆ ಹದಿಮೂರು ಜನಕ್ಕಲ್ಲ, ಭಾನುವಾರಕ್ಕೆ. ಕನ್ನಡಕವಿಲ್ಲ, ಅವರು ಒಲೆ ಹತ್ತಿರ ಕೂತು ಕಾಲು ಚಾಚಿಕೊಂಡು, ಜೇಗೊ ಏನು ಬರೆದಿದಾನೆ ಜೋರಾಗಿ ಓದೇ ಅನ್ನುತ್ತಾರೆ. ನೀನು ಓದುತ್ತೀಯ. ನಿನ್ನ ಪತ್ರದ ಮಾತು ಬರುವಲ್ಲಿ ಹಾರಿಸಿ, ನನ್ನ ಸಹಿಯ ತನಕ ಬಂದಾಗ ಅಲ್ಲಿಗೇ ನಿಲ್ಲಿಸಿ ಮಡಚಬಹುದು. ಅಥವಾ ಇಲ್ಲಿಯ ತನಕ ಓದಬಹುದು. ನಿನ್ನ ತಲೆ ಮೇಲೆ ಹಾಕಬೇಡ ಅಂದಿದ್ದೆ. ಹಾಕುತ್ತಿದ್ದೇನೆ ಅಕ್ಕ, ನನ್ನ ಕೈಲಾಗಲಿಲ್ಲ.